ಕೆಂಪು ಕಾಳುಗಳು

12 ಜೂನ್ 2024, ಬುಧವಾರ

ಬಿದ್ದು ಇವತ್ತಿಗೆ ಒಂಬತ್ತು ದಿನ. ಮೊಣಕಾಲಿನ ಕೆಳಗೆ ಹೆಬ್ಬೆರಳಿನಷ್ಟು ಅಗಲಕ್ಕೆ ಚರ್ಮವೇ ಕಿತ್ತುಹೋಗಿತ್ತು. ಹೊಲಿಗೆ ಹಾಕೋಣವೆಂದರೆ ಅಂಚುಗಳು ಕೂಡುತ್ತಿರಲಿಲ್ಲ. ತಾನಾಗಿಯೇ ತುಂಬಿಕೊಳ್ಳಬೇಕು ಅಂದಿದ್ದರು ಡಾಕ್ಟರು.

ಬೆಳಿಗ್ಗೆ ಡ್ರೆಸ್ಸಿಂಗ್ ಬಿಚ್ಚಿದಾಗ ಎದೆ ಧಸಕ್ಕೆಂದಿತು. ಗಾಯದ ತಳವೆಲ್ಲ ಕಡುಗೆಂಪು, ಒದ್ದೆ ಒದ್ದೆ. ಮೇಲೆ ಮರಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಾಳು. ಹತ್ತಿ ತಾಕಿದ್ದಕ್ಕೇ ರಕ್ತ ಜಿನುಗಿತು.

"ಸಿಸ್ಟರ್, ಕೊಳೀತಿದೆಯಾ?"

"ಇಲ್ಲಮ್ಮ, ಅದು ಹೊಸ ಮಾಂಸ. ಚೆನ್ನಾಗಿ ಬರ್ತಿದೆ."

ಮನೆಗೆ ಬಂದು ಓದುತ್ತಾ ಕೂತೆ. ಇದಕ್ಕೆ ಗ್ರ್ಯಾನ್ಯುಲೇಷನ್ ಅಂತ ಹೆಸರು ಬಂದಿದ್ದೇ ಆ ಕಾಳುಗಳಿಂದ. ಮೊದಲ ದಿನಗಳಲ್ಲಿ ಬಿಳಿ ರಕ್ತಕಣಗಳು ಗಾಯವನ್ನು ಗುಡಿಸಿ ಸ್ವಚ್ಛ ಮಾಡುತ್ತವೆ. ಆಮೇಲೆ ಪಕ್ಕದ ರಕ್ತನಾಳಗಳು ಚಿಗುರೊಡೆದು ಒಳಗೆ ಬರುತ್ತವೆ. ನಾನು ನೋಡಿದ ಒಂದೊಂದು ಕಾಳಿನಲ್ಲೂ ಹಾಗೆ ಚಿಗುರಿದ ನಾಳಗಳ ಸುರುಳಿ ಇದೆ! ಗೋಡೆ ಇನ್ನೂ ತೆಳು, ಅದಕ್ಕೇ ಮುಟ್ಟಿದರೆ ರಕ್ತ. ಅವುಗಳ ನಡುವೆ ಫೈಬ್ರೋಬ್ಲಾಸ್ಟ್ ಅನ್ನುವ ಕೋಶಗಳು ಕೊಲಾಜೆನ್, ಅಂದರೆ ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನಿನ ಎಳೆ ನೇಯುತ್ತವೆ. ನೇಯ್ಗೆ ಗಟ್ಟಿಯಾಗಲು ವಿಟಮಿನ್ ಸಿ ಬೇಕೇ ಬೇಕು.

ಚರ್ಮ ಮಾತ್ರ ತಳದಿಂದ ಏಳುವುದಿಲ್ಲ, ಅಂಚಿನಿಂದ ತೆವಳಿಕೊಂಡು ಬರುತ್ತದೆ. ತೆವಳಲು ನೆಲ ಒದ್ದೆಯಾಗಿರಬೇಕು. ಒಣಗಿ ಹಕ್ಕಳೆ ಕಟ್ಟಿದರೆ ಅದರ ಅಡಿಯಲ್ಲಿ ದಾರಿ ಬಿಡಿಸಿಕೊಂಡು ಹೋಗಬೇಕು, ತಡವಾಗುತ್ತದೆ. ಜಾರ್ಜ್ ವಿಂಟರ್ ಎಂಬ ಸಂಶೋಧಕರು 1962ರಲ್ಲೇ ಹಂದಿಗಳ ಮೇಲೆ ಇದನ್ನು ತೋರಿಸಿದ್ದರು. ಮುಚ್ಚಿ ಒದ್ದೆಯಾಗಿಟ್ಟ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಬಂದಿತ್ತು. ಆದರೂ ನೋಡಲು ಬಂದವರೆಲ್ಲ ಹೇಳುವುದು ಒಂದೇ, "ಗಾಳಿಗೆ ಬಿಡು, ಒಣಗಲಿ". ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದು ಸರಿಯಲ್ಲ.

ಕಲೆ ಮಾಗಲು ವರ್ಷವೇ ಹಿಡಿಯಬಹುದು. ಮೂರು ವಾರಕ್ಕೆ ಮೊದಲಿನ ಚರ್ಮದ ಶೇಕಡಾ 20ರಷ್ಟು ಬಲ ಬಂದಿರುತ್ತದೆ. ಕೊನೆಗೂ ಶೇಕಡಾ 80ರ ಆಸುಪಾಸಿಗೆ ನಿಲ್ಲುತ್ತದಂತೆ.

ನನಗೆ ಈಗ ಸಂಕಟವಾಗುವುದು ಹೋದ ವಾರದ್ದು ನೆನೆದು. ಒಣಗಿ ಅಂಟಿದ್ದ ಡ್ರೆಸ್ಸಿಂಗಿನ ಗಾಜ್ ಬಟ್ಟೆಯನ್ನು ಒಬ್ಬರು ಸರ್ರನೆ ಎಳೆದಿದ್ದರು. ನೋವನ್ನಾದರೂ ತಡೆದುಕೊಂಡೆ. ಆದರೆ ಅದರ ಜೊತೆ ಕಿತ್ತು ಬಂದಿದ್ದು ಆಗಷ್ಟೇ ಚಿಗುರಿದ ಈ ನಾಳಗಳೇ ಅಲ್ವಾ? ಇವತ್ತು ಸಿಸ್ಟರ್ ಸಲೈನ್ ಉಪ್ಪುನೀರು ಹನಿಸಿ, ಬಟ್ಟೆ ಪೂರ್ತಿ ನೆನೆಯುವವರೆಗೆ ಕಾದರು. ಆಮೇಲೆ ಅಂಚಿನಿಂದ ನಿಧಾನವಾಗಿ ಬಿಡಿಸಿದರು. ಅಲ್ಲಿ ದಾರದಷ್ಟು ಅಗಲಕ್ಕೆ ತಿಳಿಗುಲಾಬಿ ಗೆರೆ ಇತ್ತು. ಹೊಸ ಚರ್ಮ.