ಗಾಳಿ ಇಳಿಯುವ ಟೈರು, ನಡುಗುವ ಸ್ಟೇರಿಂಗು: ಸೀಸ ಹೊಡೆಯುವ ಮೊದಲು ರಿಮ್ಮು ನೋಡಿ

ಟ್ಯೂಬ್‌ಲೆಸ್ ಲಾರಿ ಟೈರಿನಲ್ಲಿ ವಾರಕ್ಕೆ ಹತ್ತು ಹದಿನೈದು ಪಿಎಸ್‌ಐ ಇಳಿಯುತ್ತಿದೆ, ಅದೇ ಚಕ್ರ 60–70 ಕಿ.ಮೀ. ವೇಗಕ್ಕೆ ನಡುಗುತ್ತಿದೆ ಎಂದರೆ ಅವನ್ನು ಎರಡು ಬೇರೆ ದೂರುಗಳೆಂದು ಬರೆದುಕೊಳ್ಳಬೇಡಿ. ಒಂದಕ್ಕೆ ಪಂಚರ್, ಇನ್ನೊಂದಕ್ಕೆ ಬ್ಯಾಲೆನ್ಸಿನ ಸೀಸದ ತೂಕ ಹಾಕಿ ಕಳಿಸಿದರೆ ಗಾಡಿ ಹದಿನೈದು ದಿನದಲ್ಲಿ ಮತ್ತೆ ಬಂದು ನಿಲ್ಲುತ್ತದೆ. ಬಹಳ ಸಲ ಎರಡರ ಮೂಲವೂ ಒಂದೇ, ರಿಮ್ಮಿನ ಮೇಲೆ ಬೀಡು, ಅಂದರೆ ಟೈರಿನ ಒಳ ಅಂಚು, ಕೂರುವ ಜಾಗ. ಇಲ್ಲಿ ಹೇಳುವುದು 295/80 ಆರ್ 22.5 ಅಳತೆಯ ಟೈರಿಗೆ. 10.00–20 ಟ್ಯೂಬ್ ಟೈರಾದರೆ ಟ್ಯೂಬು, ಟ್ಯೂಬಿನಡಿ ಮಡಚಿಕೊಂಡ ಫ್ಲಾಪು ಪಟ್ಟಿ, ಬಾಗಿದ ಲಾಕ್ ರಿಂಗು, ಈ ಮೂರನ್ನು ನೋಡಿದರೆ ಹೆಚ್ಚಿನ ಕೆಲಸ ಮುಗಿಯಿತು.

ಗಾಳಿ ತುಂಬುವ ಮೊದಲು ಒಂದು ಮಾತು. 120 ಪಿಎಸ್‌ಐ ಇರಬೇಕಾದ ಟೈರು 96ಕ್ಕೋ ಅದಕ್ಕಿಂತ ಕೆಳಗೋ ಇಳಿದು ಓಡಿದ್ದರೆ ನೇರವಾಗಿ ಗಾಳಿ ಹಿಡಿಯಬೇಡಿ. ಟೈರಿನ ಪಕ್ಕದ ಗೋಡೆಯ (ಸೈಡ್‌ವಾಲ್) ಒಳಗಿನ ತಂತಿ ದಣಿದಿದ್ದರೆ ಜಿಪ್ ಬಿಚ್ಚಿದಂತೆ ಸಿಡಿಯುತ್ತದೆ, ಎದುರಿಗೆ ನಿಂತವರು ಉಳಿಯುವುದು ಕಷ್ಟ. ಬಿಚ್ಚಿ ಒಳಗೆ ಕೈಯಾಡಿಸಿ ನೋಡಿ. ತುಂಬುವಾಗ ಕಬ್ಬಿಣದ ಸುರಕ್ಷಾ ಕೇಜಿನೊಳಗೇ ಇಡಿ, ಉದ್ದ ಪೈಪಿಗೆ ಕ್ಲಿಪ್ ಹಾಕಿ ಪಕ್ಕಕ್ಕೆ ಸರಿದು ನಿಲ್ಲಿ.

ಲೀಕ್ ಹುಡುಕಲು ಪೂರ್ತಿ ಗಾಳಿ ಬೇಕು, ಸಣ್ಣ ತೂತು ಅರೆಗಾಳಿಯಲ್ಲಿ ಗುಳ್ಳೆ ತೋರಿಸುವುದಿಲ್ಲ. ಎಲ್ಲರೂ ಮೊದಲು ಮೊಳೆ ಹುಡುಕುತ್ತಾರೆ. ಮೊದಲು ಸೋಪಿನ ನೀರು ಬೀಳಬೇಕಾದ್ದು ವಾಲ್ವಿನ ಬಾಯಿಗೆ, ಆಮೇಲೆ ಅದರ ಬುಡಕ್ಕೆ, ನಂತರ ಎರಡೂ ಕಡೆಯ ಬೀಡಿಗೆ ಮತ್ತು ರಿಮ್ಮಿನ ಬೆಸುಗೆಗೆ, ಕೊನೆಗೆ ಗುಂಡಿಗೆ, ಅಂದರೆ ರಸ್ತೆಗೆ ತಾಗುವ ಟೈರಿನ ಮೈಗೆ. ಜೋಡಿ ಟೈರಿನ ಒಳಚಕ್ರಕ್ಕೆ ಎಕ್ಸ್‌ಟೆನ್ಶನ್ ಪೈಪು ಹಾಕಿದ್ದರೆ ಅದನ್ನೇ ಮೊದಲು ಅನುಮಾನಿಸಿ. ಬೀಡಿನ ಲೀಕು ಬುಳುಬುಳು ಗುಳ್ಳೆಯಾಗಿ ಬರುವುದಿಲ್ಲ, ಬಿಳಿ ನೊರೆಯಾಗಿ ಮೆಲ್ಲಗೆ ಹರಡುತ್ತದೆ. ಐದು ನಿಮಿಷ ಬಿಟ್ಟು ನೋಡಬೇಕು.

ಬೀಡಿನಲ್ಲಿ ನೊರೆ ಬಂದರೆ ಕಾರಣ ಹೆಚ್ಚಾಗಿ ತುಕ್ಕು. ತುಕ್ಕು ಒಳಗಿನಿಂದಲೂ ಹತ್ತುತ್ತದೆ, ಕಂಪ್ರೆಸರ್ ಟ್ಯಾಂಕಿನ ನೀರನ್ನು ದಿನಾ ಇಳಿಸದಿದ್ದರೆ ಅದು ಗಾಳಿಯ ಜೊತೆ ಟೈರಿಗೆ ಹೋಗುತ್ತದೆ. ಅದೇ ನೀರು ಒಳಗೆ ಸುತ್ತುತ್ತಾ ಬ್ಯಾಲೆನ್ಸನ್ನೂ ಕೆಡಿಸುತ್ತದೆ. ಬ್ಯಾಲೆನ್ಸ್ ಮಿಷನ್ನು ಪ್ರತಿಸಲ ಬೇರೆ ಬೇರೆ ಜಾಗ ತೋರಿಸಿದರೆ ಒಳಗೆ ನೀರಿದೆಯೇ ನೋಡಿ. ಬೀಡ್ ಸೀಟನ್ನು ವೈರ್ ಬ್ರಷ್‌ನಿಂದ ಕಬ್ಬಿಣ ಕಾಣುವವರೆಗೆ ಉಜ್ಜಿ, ತೆಳ್ಳಗೆ ಪ್ರೈಮರ್ ಬಳಿದು ಪೂರ್ತಿ ಒಣಗಿಸಿ. ತುಕ್ಕಿನ ಮೇಲೆಯೇ ಬೀಡ್ ಸೀಲರ್ ಮೆತ್ತುವುದು ಮೋಸದ ಕೆಲಸ. ಅದು ಒಂದು ಕಡೆ ದಪ್ಪ, ಒಂದು ಕಡೆ ತೆಳು ಕೂತು ಟೈರನ್ನೇ ಓರೆ ಮಾಡುತ್ತದೆ. ಟೈರು ಬಿಚ್ಚಿದ ಪ್ರತಿ ಸಲ ವಾಲ್ವಿನ ಬುಡದ ರಬ್ಬರ್ ಹೊಸದು ಹಾಕಿ. ರಿಮ್ಮು ಸೀಳಿದ್ದರೆ ಗುಜರಿಗೆ ಹಾಕಿ. ಟೈರು ಹಾಕಿರುವ ರಿಮ್ಮಿಗೆ, ಗಾಳಿ ಬಿಟ್ಟಿದ್ದರೂ, ವೆಲ್ಡಿಂಗ್ ಹಿಡಿಯಲೇಬೇಡಿ. ಒಳಗೆ ಅನಿಲ ಕಟ್ಟಿ ಬಾಂಬಿನಂತೆ ಸಿಡಿಯುತ್ತದೆ.

ಜೋಡಿಸುವಾಗ ಟೈರ್ ಪೇಸ್ಟನ್ನು ಎರಡೂ ಬೀಡಿಗೆ ಬಳಿಯಿರಿ. ಗ್ರೀಸು, ಡೀಸೆಲ್ ಬೇಡ, ರಬ್ಬರ್ ತಿನ್ನುತ್ತವೆ. ಟೈರಿನ ಮೇಲೆ ಹಳದಿ ಚುಕ್ಕೆಯಿದ್ದರೆ ಅದು ಹಗುರವಾದ ಜಾಗ, ವಾಲ್ವಿನ ಪಕ್ಕಕ್ಕೇ ಬರಲಿ. ಗಾಳಿ ತುಂಬಿದ ಮೇಲೆ ಬೀಡಿನ ಮೇಲಿರುವ ಸಣ್ಣ ಉಬ್ಬುಗೆರೆಗೂ ರಿಮ್ಮಿನ ಅಂಚಿಗೂ ನಡುವಿನ ಸಂದನ್ನು ನಾಲ್ಕು ಕಡೆ ಅಳೆಯಿರಿ. ಒಂದೂವರೆ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೀಡು ಸರಿಯಾಗಿ ಕೂತಿಲ್ಲ. ಗಾಳಿ ಬಿಟ್ಟು, ಬೀಡು ಎಬ್ಬಿಸಿ, ಮತ್ತೆ ಪೇಸ್ಟ್ ಹಚ್ಚಿ, ಚಕ್ರವನ್ನು ಮಲಗಿಸಿ ಬೀಡು ರಿಮ್ಮಿಗೆ ಹಿಡಿಯುವಷ್ಟು ಮಾತ್ರ ಸ್ವಲ್ಪ ಗಾಳಿ ಕೊಟ್ಟು, ಉಳಿದದ್ದನ್ನು ಕೇಜಿನೊಳಗೇ ತುಂಬಿ. ಎರಡು ನಿಮಿಷದ ಈ ಅಳತೆಯನ್ನು ಬಿಡುವುದರಿಂದಲೇ ಎಷ್ಟೋ ಸೀಸ ವ್ಯರ್ಥವಾಗುತ್ತದೆ.

ಇನ್ನೂ ನಡುಗಿದರೆ ಎಲ್ಲಿ ನಡುಗುತ್ತದೆ ಎಂದು ಡ್ರೈವರನ್ನೇ ಕೇಳಿ. ಸ್ಟೇರಿಂಗಿನಲ್ಲಿ ಎಂದರೆ ಮುಂದಿನ ಚಕ್ರ, ಸೀಟಿನಡಿ ಎಂದರೆ ಹಿಂದಿನವು. ಎರೆಮಣ್ಣಿನ ಹೊಲಕ್ಕೆ ಇಳಿದು ಬಂದ ಗಾಡಿಯಾದರೆ ರಿಮ್ಮಿನ ಒಳಬದಿಯಲ್ಲಿ ಒಣಗಿ ಅಂಟಿದ ಮಣ್ಣನ್ನು ಕೆತ್ತಿ ತೆಗೆಯಿರಿ, ಅಷ್ಟಕ್ಕೇ ಸರಿಹೋಗುವ ಗಾಡಿಗಳು ಕಡಿಮೆಯಿಲ್ಲ. ಜಾಕಿ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟವಿದ್ದರೆ ಒಬ್ಬರು ಬ್ರೇಕ್ ತುಳಿಯಲಿ. ಆಗ ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಮುಂದಿನ ಚಕ್ರ ಹೊರಳುವ ಕಿಂಗ್ ಪಿನ್ನು. ಆಮೇಲೆ ಗುಂಡಿಯ ಹತ್ತಿರ ಸ್ಥಿರವಾಗಿ ಒಂದು ಮೊನೆ ಇಟ್ಟು ಕೈಯಲ್ಲಿ ತಿರುಗಿಸಿ. ಮುಂದಿನ ಚಕ್ರ ಎರಡೂವರೆ ಮಿ.ಮೀ.ಗಿಂತ ಹೆಚ್ಚು ಎದ್ದುಬಿದ್ದರೆ ಸೀಸದಿಂದ ಪ್ರಯೋಜನವಿಲ್ಲ. ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಹಾಕಿ. ಇವೆಲ್ಲ ಆದ ಮೇಲೆಯೇ ಸೀಸ. ಒಂದೇ ಚಕ್ರ 400 ಗ್ರಾಂಗಿಂತ ಹೆಚ್ಚು ಕೇಳಿದರೆ ಇನ್ನೂ ಏನೋ ಬಾಕಿ ಇದೆ ಎಂದುಕೊಂಡು ಮತ್ತೆ ಮೊದಲಿನಿಂದ ನೋಡಿ.

ಚಕ್ರ ಕೂರುವ ಹಬ್ಬಿನ ಮುಖ, ರಿಮ್ಮಿನ ಡಿಸ್ಕಿನ ಹಿಂಬದಿ ಎರಡನ್ನೂ ಉಜ್ಜಿ ಸ್ವಚ್ಛ ಮಾಡಿ. ಅಲ್ಲಿ ಬಣ್ಣ ದಪ್ಪವಿದ್ದರೆ ಓಡಿದಂತೆ ಕುಗ್ಗಿ ನಟ್ಟು ಸಡಿಲವಾಗುತ್ತದೆ. ನಟ್ಟುಗಳನ್ನು ಸುತ್ತಲೂ ಒಂದಾದ ಮೇಲೊಂದರಂತಲ್ಲ, ಎದುರುಬದುರಾಗಿ ಬಿಗಿಯಿರಿ. ಎಂ22 ಸ್ಟಡ್ಡಿನ ಹತ್ತು ನಟ್ಟಿನ ಚಕ್ರಕ್ಕೆ ಸಾಮಾನ್ಯವಾಗಿ 600 ಎನ್‌ಎಂ (ನ್ಯೂಟನ್ ಮೀಟರ್) ಆಸುಪಾಸು, ನಿಮ್ಮ ಗಾಡಿಯ ಪುಸ್ತಕದ ಲೆಕ್ಕವೇ ಅಂತಿಮ. ನಟ್ಟು ಬಿಗಿಯುವ ಗನ್ನಿನಿಂದ ಕೂರಿಸಿದರೂ ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ ಆಗಲಿ, 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ. ಮರುದಿನ ಬೆಳಿಗ್ಗೆ ಟೈರು ತಣ್ಣಗಿರುವಾಗ ಗಾಳಿ ಅಳೆದು, ತಾರೀಖಿನ ಜೊತೆ ಸೈಡ್‌ವಾಲ್ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ವಾರದ ನಂತರ ಅದೇ ಗೇಜಿನಲ್ಲಿ, ಅದೇ ಬೆಳಗಿನ ಹೊತ್ತಿನಲ್ಲಿ ಅಳೆಯಿರಿ.