ಎರಡು ಹನಿ ದಾಳಿಂಬೆ ರಸ

12 ನವೆಂಬರ್ 2024, ಮಂಗಳವಾರ
ದಾವಣಗೆರೆ

ಹಿರಿಯೂರು ಕಡೆಯ ಯಜಮಾನರು. ಹುಟ್ಟಿದಾಗ ಅಳದ, ಉಸಿರುಕಟ್ಟಿ ಮೆದುಳಿಗೆ ಪೆಟ್ಟಾದ ಮೊಮ್ಮಗು ಒಳಗೆ ವಾರ್ಮರ್ (ಬಿಸಿ ಕೊಡುವ ತೊಟ್ಟಿಲು) ಮೇಲಿದೆ. ಮೊಬೈಲ್ ಮುಂದೆ ಹಿಡಿದರು. "ಮೇಡಂ, ದಾಳಿಂಬೆ ರಸದಾಗೆ ಮಗೀನ ಮೆದುಳು ಉಳಿಸೋ ಅಂಶ ಐತಂತೆ. ನಮ್ಮ ತೋಟದಾಗೇ ಹಣ್ಣೈತೆ. ಹಿಂಡಿ ಎರಡು ಹನಿ ಬಿಟ್ರೆ ಏನಾಗುತ್ತೆ?"

ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ. ಅವರು ಓದಿದ್ದು ಸುಳ್ಳೂ ಅಲ್ಲ. 2005ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಹೋಲ್ಟ್ಸ್‌ಮನ್ ತಂಡ ಗಬ್ಬದ ಇಲಿಗಳಿಗೆ ಕುಡಿಯುವ ನೀರಿನಲ್ಲಿ ದಾಳಿಂಬೆ ರಸ ಕೊಟ್ಟಿತ್ತು. ಮರಿಗಳಿಗೆ 7 ದಿನವಾದಾಗ ಮೆದುಳಿಗೆ ರಕ್ತ ಒಯ್ಯುವ, ಕುತ್ತಿಗೆಯ ಒಂದು ಬದಿಯ ಕೆರೋಟಿಡ್ ನಾಳ ಕಟ್ಟಿ, ಶೇ 8ರಷ್ಟೇ ಆಮ್ಲಜನಕವಿರುವ ಪೆಟ್ಟಿಗೆಯಲ್ಲಿಟ್ಟರು. ರಸ ಕುಡಿದ ತಾಯಂದಿರ ಮರಿಗಳಲ್ಲಿ ಮೆದುಳಿನ ನಷ್ಟ ಶೇ 60ಕ್ಕೂ ಹೆಚ್ಚು ತಗ್ಗಿತ್ತು.

ಆದರೆ ಕುಡಿದದ್ದು ತಾಯಿ, ಅದೂ ಪೆಟ್ಟು ಬೀಳುವ ಮೊದಲು. ಮೊಬೈಲಿನ ಸುದ್ದಿ ನುಂಗಿದ್ದು ಇದನ್ನೇ. ಅದೇ ತಂಡ 2007ರಲ್ಲಿ ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಹಿಡಿದು ನೋಡಿತು. ಮೊದಲೇ ಕೊಟ್ಟರೆ ಫಲವಿತ್ತು, ಪೆಟ್ಟಾದ 3 ಗಂಟೆಯ ಮೇಲೆ ಕೊಟ್ಟರೆ ಇಲ್ಲ. ಹೆರಿಗೆ ಕೆಡುವುದು ಮೊದಲೇ ಗೊತ್ತಿದ್ದರೆ ರಸ ಯಾಕೆ, ಸಿಸೇರಿಯನ್ನೇ ಮಾಡುತ್ತಿದ್ದೆವು.

ಉಸಿರು ಮರಳಿದ ಮೇಲೆ ಮೆದುಳು ಕೆಲವು ಗಂಟೆ ಚೇತರಿಸಿಕೊಂಡಂತೆ ಕಾಣುತ್ತದೆ. ಒಳಗೆ ಮಾತ್ರ ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಚೆಲ್ಲಿ, ಕ್ಯಾಲ್ಸಿಯಂ ಜೀವಕೋಶಕ್ಕೆ ನುಗ್ಗಿರುತ್ತದೆ. ಮೆದುಳಿನ ಕಾವಲುಗಾರರಾದ ಮೈಕ್ರೋಗ್ಲಿಯ ಕೋಶಗಳು ಕೆರಳಿ, ಉರಿಯೂತ ಎಬ್ಬಿಸುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಸುರಿಸತೊಡಗುತ್ತವೆ. ಸುಮಾರು 6 ಗಂಟೆಯ ನಂತರ ಎರಡನೇ ಸುತ್ತಿನ ಶಕ್ತಿಕುಸಿತ, ಅದರ ಜೊತೆಗೇ ಫಿಟ್ಸ್. ಅರಿಶಿನದ ಕರ್ಕ್ಯುಮಿನ್, ರೆಸ್ವೆರಟ್ರಾಲ್ ಎಲ್ಲ ತಡೆಯಲು ನೋಡುವುದು ಈ ಉರಿಯೂತವನ್ನೇ. ತರ್ಕ ಸರಿಯಾಗಿದೆ. ಔಷಧ ಅಲ್ಲಿಗೆ ತಲುಪುವುದೇ ಕಷ್ಟ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಶೇ 3ರ ಆಸುಪಾಸು. ಅದು ನೀರಿನಲ್ಲಿ ಕರಗದು. ಕರುಳು ದಾಟಿದ ಚೂರುಪಾರನ್ನೂ ದೊಡ್ಡವರ ಯಕೃತ್ತು ನೀರಿನಲ್ಲಿ ಕರಗುವ ಗ್ಲುಕುರೊನೈಡ್ ಮಾಡಿ ಹೊರಹಾಕುತ್ತದೆ. ಎಳೆಮಗುವಿನ ಯಕೃತ್ತಿಗೆ ಆ ಕೆಲಸ ಇನ್ನೂ ಪೂರ್ತಿ ಬಂದಿರುವುದಿಲ್ಲ. ಅಂದಮೇಲೆ ದೊಡ್ಡವರ ಲೆಕ್ಕ ಹಿಡಿದು ಡೋಸ್ ಇಳಿಸುವಂತೆಯೂ ಇಲ್ಲ. ಕರ್ಕ್ಯುಮಿನ್ ಅನ್ನು ನ್ಯಾನೊಕಣದಲ್ಲಿ ತುಂಬಿ ಚುಚ್ಚಿದ್ದಾರೆ. ಅದೂ ಇಲಿಮರಿಗೇ.

ಯಜಮಾನರಿಗೆ ಹೇಳಿದ್ದು ಇಷ್ಟೇ: ಬಾಯಿಗೆ ಏನೂ ಬೇಡ. ಉಸಿರು ಕಟ್ಟಿದಾಗ ಮಗುವಿನ ಮೈ ರಕ್ತವನ್ನು ಮೆದುಳು, ಹೃದಯಕ್ಕೆ ತಿರುಗಿಸಿ ಕರುಳನ್ನು ಒಣಗಿಸಿರುತ್ತದೆ. ಅಂಥ ಕರುಳಿಗೆ ಸಕ್ಕರೆ ತುಂಬಿದ ರಸ ಬಿದ್ದರೆ ಕರುಳೇ ಕೊಳೆಯುವ ಭಯ. ನುಂಗುವ ಶಕ್ತಿಯೂ ಕುಂದಿರುವುದರಿಂದ ಎರಡು ಹನಿ ಶ್ವಾಸಕೋಶಕ್ಕೇ ಇಳಿಯಬಹುದು. ಸೊಸೆ ಹಾಲು ಹಿಂಡಿ ಇಡಲಿ, ಯಾವಾಗ ಕೊಡಬೇಕೆಂದು ನಾವು ಹೇಳುತ್ತೇವೆ.

ಸುತ್ತುಮದ್ದಿನ ವಿಚಾರ ಅಜ್ಜಿಗೆ ಬೇರೆಯಾಗಿ ಹೇಳಬೇಕಾಯಿತು. ಬಜೆ, ಜಾಯಿಕಾಯಿ ತೇದು ನೆಕ್ಕಿಸುವುದು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಜೊತೆಗೆ ಮರದರಿಶಿನ ಸೇರಿದರೆ ನನಗೆ ಹೆಚ್ಚು ಅಂಜಿಕೆ. ಅದರ ಬರ್ಬೆರಿನ್‌ಗೂ ಉರಿಯೂತ ತಗ್ಗಿಸುವ ಹೆಸರಿದೆ, ಆದರೆ ಅದು ರಕ್ತದ ಪ್ರೋಟೀನ್ ಆದ ಆಲ್ಬುಮಿನ್‌ಗೆ ಅಂಟಿದ, ಕಾಮಾಲೆ ತರುವ ಬಿಲಿರುಬಿನ್ ಅನ್ನು ಕಿತ್ತುಬಿಡುತ್ತದೆ. ಕಾಮಾಲೆಯಿರುವ ಮಗುವಿನಲ್ಲಿ ಹಾಗೆ ಬಿಡಿಯಾದ ಬಿಲಿರುಬಿನ್ ನೇರ ಮೆದುಳಿಗೇ ಇಳಿಯುತ್ತದೆ.

"ಮತ್ತೆ ತಣ್ಣಗೆ ಇಡ್ತಾರಂತಲ್ಲ?" ಅಂದರು. ಯಜಮಾನರು ಚೆನ್ನಾಗಿಯೇ ಓದಿಕೊಂಡು ಬಂದಿದ್ದರು.

ಇಡುತ್ತಾರೆ. ಮೆದುಳು ಉಳಿಸಲು ಹುಟ್ಟಿದ 6 ಗಂಟೆಯೊಳಗೆ ಶುರುಮಾಡಿ, ಮೈಯ ಒಳಶಾಖವನ್ನು 33.5 ಡಿಗ್ರಿಗೆ ಇಳಿಸಿ, 72 ಗಂಟೆ ಅಲ್ಲೇ ಹಿಡಿದು, ಆಮೇಲೆ ಗಂಟೆಗೆ ಅರ್ಧ ಡಿಗ್ರಿಗಿಂತ ವೇಗವಾಗದಂತೆ ಏರಿಸಬೇಕು. ಶ್ರೀಮಂತ ದೇಶಗಳಲ್ಲಿ ಇದು ಜೀವ ಉಳಿಸಿದೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳ ಹೀಲಿಕ್ಸ್ ಅಧ್ಯಯನ 2021ರಲ್ಲಿ ಬಂದಾಗ ಲೆಕ್ಕವೇ ತಿರುಗಿಬಿತ್ತು. ತಂಪಾಗಿಸಿದವರಲ್ಲಿ ಶೇ 42ರಷ್ಟು ಸಾವು, ಉಳಿದವರಲ್ಲಿ ಶೇ 31. ಇದನ್ನು ವಾರ್ಡಿನ ಬಾಗಿಲಲ್ಲಿ ನಿಂತು ಅಜ್ಜನಿಗೆ ಹೇಗೆ ಬಿಡಿಸಿ ಹೇಳುವುದು? ಹೇಳಲಿಲ್ಲ. ಸಕ್ಕರೆ ಬೀಳದಂತೆ, ಫಿಟ್ಸ್ ಬರದಂತೆ, ಜ್ವರ ಏರದಂತೆ ನೋಡುತ್ತಿದ್ದೇವೆ ಅಂದೆ. ವಾರ್ಮರ್ ಅತಿಯಾಗಿ ಬಿಸಿಯಾಗಿ ಮೈ 37.5 ದಾಟಿದರೂ ಮೆದುಳಿಗೆ ಕೆಟ್ಟದ್ದು, ಮೈಯಿಂದ ಕಳಚಿದ ಶಾಖದ ಪ್ರೋಬ್ ಅದನ್ನು ತಿಳಿಸದು.

ರಾತ್ರಿ ಊಟ ಸೇರಲಿಲ್ಲ.

ಹೀಲಿಕ್ಸ್ ಹಾಗೇಕಾಯಿತು ಎಂಬುದಕ್ಕೆ ಒಂದು ವಾದವಿದೆ: ನಮ್ಮ ಮಕ್ಕಳಲ್ಲಿ ಪೆಟ್ಟು ಹೆರಿಗೆಯ ಕೊನೆಯ ನಿಮಿಷಗಳದ್ದಲ್ಲ, ಎಷ್ಟೋ ಗಂಟೆ ಮುಂಚಿನದ್ದು, ನಮ್ಮ ಕೈಗೆ ಬರುವಷ್ಟರಲ್ಲಿ ಆ 6 ಗಂಟೆ ಮುಗಿದೇ ಹೋಗಿರುತ್ತದೆ. ಅದು ನಿಜವಾದರೆ ಕೆಲಸ ಬಸುರಿಯಲ್ಲೇ ನಡೆಯಬೇಕು, ಆಗ ತಾಯಿಗೆ ಕೊಡುವ ದಾಳಿಂಬೆ ರಸ ಅಷ್ಟು ಹುಚ್ಚು ಮಾತಲ್ಲ. ಬಾಸ್ಟನ್‌ನಲ್ಲಿ ಬೆಳವಣಿಗೆ ಕುಂಠಿತವಾದ ಗರ್ಭಗಳಲ್ಲಿ ತಾಯಂದಿರಿಗೆ ದಿನಕ್ಕೆ 8 ಔನ್ಸ್ ರಸ ಕೊಟ್ಟು ನೋಡಿದ್ದಾರೆ. ಆದರೆ ಕೊನೆಯ ಮೂರು ತಿಂಗಳಲ್ಲಿ ದಾಳಿಂಬೆ, ದ್ರಾಕ್ಷಿಯಂಥವುಗಳ ಪಾಲಿಫಿನಾಲ್ ಅಂಶ ಅತಿಯಾದರೆ, ಶ್ವಾಸಕೋಶ ತಪ್ಪಿಸಿ ರಕ್ತ ಹಾಯಿಸುವ ಭ್ರೂಣದ ಡಕ್ಟಸ್ ನಾಳ ಸಂಕುಚಿಸುತ್ತದೆಂದು ಬ್ರೆಜಿಲ್‌ನವರು ಎಚ್ಚರಿಸಿದ್ದಾರೆ. ಉರಿಯೂತ ತಗ್ಗಿಸುವ ಗುಣವೇ ಆ ನಾಳ ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಅನ್ನೂ ತಗ್ಗಿಸುತ್ತದೆ. ಹಾಗಾದರೆ ಎಷ್ಟು, ಯಾವ ತಿಂಗಳಿಂದ, ಯಾವ ಬಸುರಿಗೆ