ನಿಮ್ಮೋರ ಲೆಕ್ಕ ಕೇಳೋರು ಯಾರ್ರೀ?

ಜಗಳೂರು ಕಡೆಯ ಆ ತಾಯಿ ಸೋಮವಾರ ಕೇಳಿದ ಮಾತು ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. "ನಮ್ ಲೆಕ್ಕ ನಾವು ಬರ್ದಿಟ್ಟೀವ್ರಿ. ನಿಮ್ಮೋರ ಲೆಕ್ಕ ಕೇಳೋರು ಯಾರ್ರೀ?"

ಮಗ ಅಪಘಾತದಲ್ಲಿ ತೀರಿಕೊಂಡ ಪರಿಹಾರದ ಕೇಸು. ದುಡ್ಡು ಖಾತೆಗೆ ಬಂದಿದೆ, ಅವರದೇ ಹೆಬ್ಬೆಟ್ಟಿನ ಮೇಲೆ ದೊಡ್ಡ ಪಾಲು ಖಾತೆಯಿಂದ ಹೋಗಿಯೂ ಇದೆ. ವಿಚಾರಿಸಿದರೆ "ಫೀಸು, ಖರ್ಚು" ಅನ್ನುವುದು ಬಿಟ್ಟು ವಕೀಲರಿಂದ ಬೇರೆ ಉತ್ತರವಿಲ್ಲ. ದಾವಣಗೆರೆಯ ನಮ್ಮ ಕೋರ್ಟಿನಲ್ಲಿ ಕಕ್ಷಿದಾರರ ಒಂದು ರೂಪಾಯಿಯನ್ನೂ ಮುಟ್ಟದವರೇ ಹೆಚ್ಚು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ. ಆದರೆ ಆಕೆಗೆ ಸಿಕ್ಕಿದ್ದು ಇವರು.

ಚೀಲದಿಂದ ಆಕೆ ತೆಗೆದದ್ದು ಮೊಮ್ಮಗಳ ಶಾಲೆಯ ನೋಟ್‌ಬುಕ್. ಮುಂದಿನ ಪುಟಗಳಲ್ಲಿ ಗಣಿತ, ಹಿಂದಿನಿಂದ ಕೇಸಿನ ಲೆಕ್ಕ. ಟೈಪಿಂಗ್ 300. ಗುಮಾಸ್ತರಿಗೆ 200. ಸಾಕ್ಷಿಗೆ ಬಂದ ಡಾಕ್ಟರಿಗೆ ಕಾರು 1,500. ವಕಾಲತ್ತು, ಸ್ಟಾಂಪು. ಪ್ರತಿ ಸಾಲಿನ ಮುಂದೆ ತಾರೀಕು. ಅಜ್ಜಿ ಹೇಳಿದ್ದು, ಹುಡುಗಿ ಬರೆದದ್ದು. ಒಂದು ಕಡೆ ತಪ್ಪಾದದ್ದನ್ನು ಹೊಡೆದು ಪಕ್ಕದಲ್ಲೇ ಸರಿಯಾದ ಮೊತ್ತ ಬರೆದಿದ್ದಳು.

ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ ವಕೀಲನಿಗೆ ಹೇಳುವುದೂ ಇದನ್ನೇ. ಕಕ್ಷಿದಾರರಿಂದ ಬಂದದ್ದು, ಅವರ ಪರವಾಗಿ ಬಂದದ್ದು, ಖರ್ಚಾದದ್ದು, ಫೀಸಿಗೆ ಹಿಡಿದದ್ದು, ಎಲ್ಲಕ್ಕೂ ತಾರೀಕು ಸಮೇತ ಲೆಕ್ಕ ಇಡಬೇಕು. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ಮಾತಾಡಿಕೊಳ್ಳುವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲ. ಆದರೂ "ಪರ್ಸೆಂಟೇಜ್ ಕೇಸು" ಎಂಬ ಮಾತು ನಮ್ಮ ಕಾರಿಡಾರಿನಲ್ಲಿ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. 2025ರ ಮಾರ್ಚ್‌ನಲ್ಲಿ, ಪರಿಹಾರದ ಹಣ ವಿಮಾ ಕಂಪನಿಯಿಂದ ನೇರವಾಗಿ ಹಕ್ಕುದಾರರ ಬ್ಯಾಂಕ್ ಖಾತೆಗೇ ಹೋಗುವಂತೆ ಮಾಡಿ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಒಳ್ಳೆಯದೇ. ಖಾತೆಗೆ ಬಂದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರನ್ನು ಅದು ತಡೆಯುವುದಿಲ್ಲ.

ಲೆಕ್ಕ ಕೇಳುವವರು ಇದ್ದಾರೆ ಎಂದೆ. ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು, ಮೂವರ ಶಿಸ್ತು ಸಮಿತಿ ವಿಚಾರಣೆ ಮಾಡುತ್ತದೆ, ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಒಂದು ವರ್ಷದಲ್ಲಿ ಮುಗಿಯದಿದ್ದರೆ ದೂರು ದೆಹಲಿಗೆ, ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ಹೋಗುತ್ತದೆ. ಆಕೆ ಎಲ್ಲ ಕೇಳಿಸಿಕೊಂಡು, "ದುಡ್ಡು?" ಅಂದರು. ದುಡ್ಡಿಗೆ ಬೇರೆ ದಾವೆ ಹೂಡಬೇಕಮ್ಮ, ಇಲ್ಲವೇ ಪೊಲೀಸ್ ಕಂಪ್ಲೇಂಟ್. ಅಂದರೆ ಇನ್ನೊಬ್ಬ ವಕೀಲ, ಇನ್ನೊಂದು ವಕಾಲತ್ತು. ಆಕೆಯ ಪ್ರಶ್ನೆ ಬಂದದ್ದು ಆಗ.

ಸಂಜೆ ಇದನ್ನು ನಮ್ಮ ಹಿರಿಯರೊಬ್ಬರ ಹತ್ತಿರ ಹೇಳಿದೆ. ನನಗೆ ಪಾಟೀಸವಾಲು ಕಲಿಸಿದವರು, ಬಡವರ ಕೇಸನ್ನು ಪುಕ್ಕಟೆ ನಡೆಸಿದವರು. "ಎಲ್ಲೋ ಒಬ್ಬ ಮಾಡ್ತಾನಪ್ಪ. ಅದಕ್ಕೆ ಎಲ್ಲರ ಜೇಬಿಗೂ ಕೈ ಹಾಕೋಕಾಗುತ್ತಾ?" ಅಂದರು. ಅವರ ಮೇಲಿನ ಗೌರವ ಕಿಂಚಿತ್ತೂ ಕಡಿಮೆಯಾಗಿಲ್ಲ, ಆದರೆ ಈ ಮಾತು ತಪ್ಪು. ಆ ಒಬ್ಬನ ತಪ್ಪಿಗೆ ಈಗ ಪೂರ್ತಿ ದಂಡ ಕಟ್ಟುತ್ತಿರುವುದು ಆ ತಾಯಿ.

ಇಂಗ್ಲೆಂಡಿನಲ್ಲಿ ಸಾಲಿಸಿಟರು ಎನ್ನುವ ವಕೀಲರು ವರ್ಷವರ್ಷ ಪರಿಹಾರ ನಿಧಿಗೆ ವಂತಿಗೆ ಕೊಡುತ್ತಾರೆ. ವಕೀಲ ನುಂಗಿದ ಹಣಕ್ಕೆ ಕಕ್ಷಿದಾರ ಆ ನಿಧಿಯ ಬಾಗಿಲು ತಟ್ಟಬಹುದು. 2023ರಲ್ಲಿ ಆಕ್ಸಿಯಮ್ ಇನ್ಸ್ ಎಂಬ ವಕೀಲರ ಸಂಸ್ಥೆಯಲ್ಲಿ ಕಕ್ಷಿದಾರರ 6 ಕೋಟಿ ಪೌಂಡಿಗೂ ಹೆಚ್ಚು ಹಣ ಕಾಣೆಯಾಯಿತು. ಮರುವರ್ಷ ಒಬ್ಬೊಬ್ಬ ಸಾಲಿಸಿಟರಿನ ವಂತಿಗೆ 30 ಪೌಂಡಿನಿಂದ 90ಕ್ಕೆ ಏರಿತು. ಪ್ರಾಮಾಣಿಕರು ಗೊಣಗಿದರು, ಗೊಣಗಲಿ. ನೆರೆಯವನ ಕಳ್ಳತನ ತನ್ನ ಜೇಬಿಗೂ ತಟ್ಟುತ್ತದೆ ಎಂದಾದರೆ ಯಾರೂ ಕಣ್ಣು ಮುಚ್ಚಿ ಕೂರುವುದಿಲ್ಲ.

ನಮ್ಮಲ್ಲಿ ನಿಧಿ ಇಲ್ಲವೇ? ಇದೆ. 1983ರ ಕಾಯ್ದೆಯಡಿ ವಕೀಲರ ಕಲ್ಯಾಣ ನಿಧಿ. ನಮ್ಮ ನಿವೃತ್ತಿಗೆ, ನಮ್ಮ ಮನೆಯವರ ಕಷ್ಟಕ್ಕೆ. ಅದು ಬೇಕೇ ಬೇಕು, ಎಷ್ಟೋ ಸಂಸಾರಗಳಿಗೆ ಆಸರೆಯಾಗಿದೆ. ಅದಕ್ಕೆಂದು ಪ್ರತಿ ವಕಾಲತ್ತಿಗೂ ವೆಲ್ಫೇರ್ ಸ್ಟಾಂಪು ಅಂಟಿಸುತ್ತೇವೆ. ಆ ನೋಟ್‌ಬುಕ್ಕಿನ "ಸ್ಟಾಂಪು" ಎಂಬ ಸಾಲಿನಲ್ಲಿ ಇದೂ ಸೇರಿದೆ. ನಮ್ಮ ಕಲ್ಯಾಣಕ್ಕೆ ಆಕೆಯ ದುಡ್ಡೂ ಬಂದಿದೆ, ಆಕೆಗೆ ಮೋಸವಾದಾಗ ಕೊಡಲು ನಮ್ಮ ಬಳಿ ಏನೂ ಇಲ್ಲ.

ಪರಿಷತ್ತುಗಳ ಆದಾಯದ ದಾರಿಯೂ ಅಷ್ಟೇ ತಲೆಕೆಳಗು. ವಕೀಲರ ಕಾಯ್ದೆಯಲ್ಲಿ ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125. ಆದರೂ ರಾಜ್ಯ ರಾಜ್ಯಗಳಲ್ಲಿ ಹೊಸ ಹುಡುಗರಿಂದ ಸಾವಿರಾರು ರೂಪಾಯಿ ಪಡೆಯುತ್ತಿದ್ದರು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಅದು ಕಾನೂನುಬಾಹಿರ ಎಂದಿತು. ಮರುವರ್ಷ ಕರ್ನಾಟಕದ "ಐಚ್ಛಿಕ" ಶುಲ್ಕಕ್ಕೂ ತಡೆ ಬಿತ್ತು. ನನಗೆ ಸಂತೋಷವೇ ಆಯಿತು. ಹರಪನಹಳ್ಳಿಯಿಂದ, ಹೊನ್ನಾಳಿಯಿಂದ ಬರುವ ಹುಡುಗ ಕರಿ ಕೋಟು ಹೊಲಿಸುವುದಕ್ಕೇ ಸಾಲ ಮಾಡುತ್ತಾನೆ. ಕಾಸು ಕಾಣುವ ಮೊದಲೇ ಅವನಿಂದ ಕಿತ್ತುಕೊಂಡು, ಇಪ್ಪತ್ತು ವರ್ಷ ಚೆನ್ನಾಗಿ ದುಡಿದ ನನ್ನಂಥವರನ್ನು ಸುಮ್ಮನೆ ಬಿಡುವುದು ಯಾವ ನ್ಯಾಯ? ಈಗಾಗಲೇ ಪಟ್ಟಿಯಲ್ಲಿರುವವರಿಗೂ ಹೊಸಬರಿಗೂ ನ್ಯಾಯವಾಗುವ ದಾರಿ ಹುಡುಕಿ ಎಂದು ಆ ತೀರ್ಪೇ ಹೇಳಿದೆ.

ದಾರಿ ನನಗೆ ಸ್ಪಷ್ಟವಾಗಿ ಕಾಣುತ್ತಿದೆ. ದುಡಿಯುವ ವಕೀಲರೆಲ್ಲ ವರ್ಷಕ್ಕೊಮ್ಮೆ ಅನುಭವಕ್ಕೆ ತಕ್ಕಂತೆ ಕೊಡಬೇಕು. ಅದರಲ್ಲಿ ಒಂದು ಭಾಗ ಶಿಸ್ತು ಸಮಿತಿಗೇ ಮೀಸಲು. ಸಂಬಳದ ಸಿಬ್ಬಂದಿ, ಲೆಕ್ಕ ತಪಾಸಣೆ ಮಾಡುವವರು, ಮತ್ತೆ ಜಿಲ್ಲೆಗೇ ಬಂದು ಸಾಕ್ಷಿ ಕೇಳುವ ವ್ಯವಸ್ಥೆ. ಜಗಳೂರಿನ ಹೆಂಗಸು ದೂರಿನ ಬೆನ್ನು ಹತ್ತಿ ಬೆಂಗಳೂರಿಗೆ ಅಲೆಯಬಾರದು. ಇನ್ನೊಂದು ಭಾಗ ಕಕ್ಷಿದಾರರ ಪರಿಹಾರಕ್ಕೆ. ಚುನಾವಣೆಯಲ್ಲಿ ನಮ್ಮ ಮತ ಕೇಳಿ ಗೆದ್ದವರೇ ನಮ್ಮ ಮೇಲಿನ ದೂರಿನ ತೀರ್ಪನ್ನೂ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಅದಕ್ಕೆ ಕಾಯ್ದೆಯೇ ಬದಲಾಗಬೇಕು. ದುಡ್ಡು ಬೇರೆ ಇಡುವುದಕ್ಕೆ ಅಷ್ಟು ಕಾಯಬೇಕಾಗಿಲ್ಲ.

ದೂರಿನ ಅರ್ಜಿ ಬರೆದುಕೊಟ್ಟಿದ್ದೇನೆ. ನೋಟ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿದ್ದೇನೆ, ಮೂಲವನ್ನು ಯಾರಿಗೂ ಕೊಡಬೇಡಿ ಎಂದೂ ಹೇಳಿದ್ದೇನೆ. ಹಣ ವಸೂಲಿಯ ದಾವೆ ನಾನೇ ಹೂಡುತ್ತೇನೆ, ಫೀಸು ಬೇಡ. ಸಂಘದ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ವಾರ್ಷಿಕ ವಂತಿಗೆಯ ಠರಾವು ಮಂಡಿಸಲು ಬರೆದುಕೊಟ್ಟೂ ಆಗಿದೆ. ಹಿರಿಯರು ವಿರೋಧಿಸುತ್ತೇನೆ ಎಂದಿದ್ದಾರೆ. ಅನುಮೋದಕರ ಜಾಗದಲ್ಲಿ ಸಹಿ ಹಾಕಿದವಳು ಹೋದ ವರ್ಷವಷ್ಟೇ ಸನ್ನದು ಪಡೆದ ಹುಡುಗಿ.